ಗೋಡೆಯ ಮೇಲಿನ ಸರ್ಟಿಫಿಕೇಟನ್ನೂ ಓದಿ
(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ನನ್ನ ಪರಿಚಯ ಮಾಡಿಕೊಡುವಾಗ ಎಂ.ಟೆಕ್., ಐಟಿ ಅಂತ ಹೇಳಿದರು. ನಾನು ಡಾಕ್ಟರಲ್ಲ. ಹಾಗಾಗಿ ಅನ್ನ ಬಿಡಬೇಕೋ ಚಪಾತಿ ಬಿಡಬೇಕೋ, ಯಾರು ಎಷ್ಟು ಕಿಲೋ ಇಳಿಸಬೇಕು, ಇದೊಂದನ್ನೂ ನಾನು ಹೇಳುವುದಿಲ್ಲ. ಆದರೆ ನನ್ನ ಕೆಲಸದಲ್ಲಿ ಆಡಿಟ್ ಎನ್ನುವುದು ತಪ್ಪದೆ ಬರುವ ಹಬ್ಬ. ಯಾರ ಹತ್ತಿರ ಯಾವ ಅನುಮತಿ ಇದೆ, ಆ ಅನುಮತಿಯಲ್ಲಿ ನಿಜವಾಗಿ ಏನು ಬರೆದಿದೆ ಎಂದು ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಅದೇ ಅಭ್ಯಾಸದಿಂದ ತೂಕ ಇಳಿಸುವ ಕ್ಲಿನಿಕ್ಕುಗಳನ್ನು ಯಾರು ತಪಾಸಣೆ ಮಾಡುತ್ತಾರೆ ಎಂದು ಹುಡುಕುತ್ತ ಹೋದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮಲ್ಲಿ ಬಹಳ ಜನ ಕನ್ನಡ ಧಾರಾವಾಹಿ ನೋಡುವವರು. 'ಗೀತಾ', 'ದೊರೆಸಾನಿ' ಧಾರಾವಾಹಿಗಳಲ್ಲಿ ನಟಿಸಿದ್ದ ಚೇತನಾ ರಾಜ್ ನೆನಪಿರಬಹುದು. 21 ವರ್ಷದ ಹುಡುಗಿ. 2022ರ ಮೇ 16ರಂದು ಬೆಂಗಳೂರಿನ ರಾಜಾಜಿನಗರದ ಒಂದು ಖಾಸಗಿ ಕಾಸ್ಮೆಟಿಕ್ ಕೇಂದ್ರಕ್ಕೆ ಕೊಬ್ಬು ತೆಗೆಸಿಕೊಳ್ಳಲು ಹೋದಳು. ಅವತ್ತೇ ತೀರಿಕೊಂಡಳು. ತಮಗೆ ತಿಳಿಸದೆ ಹೋಗಿದ್ದಳು ಎಂದು ಅಪ್ಪ-ಅಮ್ಮ ಅತ್ತರು, ವೈದ್ಯರ ನಿರ್ಲಕ್ಷ್ಯ ಎಂದು ದೂರಿದರು. ಆಮೇಲೆ ಆರೋಗ್ಯ ಇಲಾಖೆಯವರು ಬಂದರು, ಕಾಗದ ತೆರೆದು ನೋಡಿದರು, ನೋಟಿಸ್ ಕೊಟ್ಟರು. ಆ ಕೇಂದ್ರಕ್ಕೆ ಇದ್ದದ್ದು ಪಾಲಿಕ್ಲಿನಿಕ್ ಮತ್ತು ಡಿಸ್ಪೆನ್ಸರಿಯ ಅನುಮತಿ ಮಾತ್ರ, ಇಂಥ ಶಸ್ತ್ರಚಿಕಿತ್ಸೆಗೆ ಅನುಮತಿ ಇರಲಿಲ್ಲ ಎಂದು ಅಧಿಕಾರಿಗಳು ಆಗ ಹೇಳಿದ್ದು ಪತ್ರಿಕೆಗಳಲ್ಲಿ ಬಂತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಲೈಸೆನ್ಸೇ ಇಲ್ಲದ ಜಾಗ ಅಲ್ಲ ಅದು. ಲೈಸೆನ್ಸ್ ಇತ್ತು, ಆದರೆ ಬೇರೆ ಕೆಲಸಕ್ಕೆ. ಸರ್ಟಿಫಿಕೇಟ್ ಇದೆಯಾ ಎಂದು ಕೇಳಿದ್ದರೆ 'ಇದೆ' ಎಂದೇ ಉತ್ತರ ಬರುತ್ತಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಅದರಲ್ಲಿ ಏನು ಬರೆದಿದೆ ಎಂದು ಓದಿದವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತಿತ್ತು.

ಕರ್ನಾಟಕದಲ್ಲಿ ಅಷ್ಟಾದರೂ ಹೇಳಲು ಸಾಧ್ಯವಾಗಿದ್ದಕ್ಕೆ ಕಾರಣ ಕೆಪಿಎಂಇ ಕಾಯ್ದೆ, ಅಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಅದರ ಪ್ರಕಾರ ಹಾಸಿಗೆಯೇ ಇಲ್ಲದ ಸಣ್ಣ ಕ್ಲಿನಿಕ್ಕೂ ನೋಂದಣಿ ಮಾಡಿಸಬೇಕು, ಯಾವ ಬಗೆಯ ಸಂಸ್ಥೆ ಎಂದು ಹೇಳಬೇಕು, ಸರ್ಟಿಫಿಕೇಟನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು.

ನಾವಿರುವ ಪುಣೆಯಲ್ಲಿ ಲೆಕ್ಕವೇ ಬೇರೆ. ಇಲ್ಲಿ ನಡೆಯುವುದು 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆ, ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮುಂಬೈ ಪ್ರಾಂತ್ಯಕ್ಕೆ ಮಾಡಿದ್ದು. ಕೇಂದ್ರ ಸರ್ಕಾರ 2010ರಲ್ಲಿ ತಂದ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯನ್ನು ಮಹಾರಾಷ್ಟ್ರ ಒಪ್ಪಿಕೊಳ್ಳಲಿಲ್ಲ. ಹಳೆಯ ಕಾಯ್ದೆ ನೋಡುವುದು ರೋಗಿಯನ್ನು ಇರಿಸಿಕೊಂಡು ಚಿಕಿತ್ಸೆ, ಶುಶ್ರೂಷೆ ಮಾಡುವ ಜಾಗಗಳನ್ನು. ಪುಣೆ ನಗರದೊಳಗೆ ಆ ನೋಂದಣಿ ಪಿಎಂಸಿ ಆರೋಗ್ಯ ವಿಭಾಗದ್ದು, ಪಿಂಪ್ರಿ-ಚಿಂಚವಡದಲ್ಲಿ ಅಲ್ಲಿನ ಪಾಲಿಕೆಯದು. 2021ರಲ್ಲಿ ನಿಯಮ ಬದಲಾಗಿ ರೋಗಿಗಳ ಹಕ್ಕುಗಳ ಸನದು, ದರಪಟ್ಟಿ ಎರಡನ್ನೂ ಹಾಕಲೇಬೇಕು ಎಂದಾಯಿತು. ಒಳ್ಳೆಯದೇ. ಆದರೆ ಇದೆಲ್ಲ ಹಾಸಿಗೆ ಇರುವ ಕಡೆಗೆ.

ನಮ್ಮ ಸೊಸೈಟಿಯ ಎದುರಿನ ಕಾಂಪ್ಲೆಕ್ಸಿನಲ್ಲಿ, ಎರಡನೇ ಮಹಡಿಯಲ್ಲಿ, ಕನ್ನಡಿ ಬಾಗಿಲು, ಬಿಳಿ ಕೋಟು, ಒಳ್ಳೆಯ ಏಸಿ ಇಟ್ಟುಕೊಂಡು 'ಸ್ಲಿಮ್ಮಿಂಗ್ ಕ್ಲಿನಿಕ್' ಎಂದು ಬೋರ್ಡು ಹಾಕಿದವರ ಹತ್ತಿರ ಹಾಸಿಗೆ ಇರುವುದಿಲ್ಲ. ಅವರು 'ಶಾಪ್ ಆಕ್ಟ್' ಕಾಗದ ತೋರಿಸುತ್ತಾರೆ. ಅದು ಸೀರೆ ಅಂಗಡಿಗೂ ಸಿಗುತ್ತದೆ ಅಕ್ಕಂದಿರೇ. ಚಿಕಿತ್ಸೆ ಕೊಡುವ ಅರ್ಹತೆಗೂ ಅದಕ್ಕೂ ಸಂಬಂಧವಿಲ್ಲ. ಬ್ಯೂಟಿ ಪಾರ್ಲರಿಗೂ ಆಸ್ಪತ್ರೆಗೂ ನಡುವೆ ಒಂದು ಸಂದಿ ಇದೆ, ಈ ವ್ಯಾಪಾರ ಬೆಳೆದಿರುವುದು ಆ ಸಂದಿಯಲ್ಲಿ. ವರ್ಷಕ್ಕೊಮ್ಮೆಯಾದರೂ ಯಾರೋ ಬಂದು ನೋಡುತ್ತಿರಬಹುದು ಎಂದು ನಾವು ನಂಬಿಕೊಂಡಿರುತ್ತೇವೆ. ಆ 'ಯಾರೋ' ಬಹಳ ಕಡೆ ಇಲ್ಲವೇ ಇಲ್ಲ.

ಹಾಗಂತ ಕಾನೂನು ಪೂರ್ತಿ ಕೈಕಟ್ಟಿ ಕೂತಿಲ್ಲ. ಜಾಹೀರಾತಿನ ದಾರಿಯಿಂದಲೂ ಹಿಡಿಯಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಅಂದರೆ ಸಿಸಿಪಿಎ, 2025ರಲ್ಲಿ ವಿಎಲ್‌ಸಿಸಿ ಕಂಪನಿಗೆ 3 ಲಕ್ಷ ರೂಪಾಯಿ ದಂಡ ಹಾಕಿತು. 'ಕೂಲ್‌ಸ್ಕಲ್ಪ್ಟಿಂಗ್' ಎಂಬ, ಕೊಬ್ಬನ್ನು ತಣ್ಣಗೆ ಮಾಡಿ ಕರಗಿಸುವ ಯಂತ್ರದ ಜಾಹೀರಾತು ಅದು. ಒಂದೇ ಸೆಷನ್ನಿನಲ್ಲಿ 600 ಗ್ರಾಂ, 7 ಸೆಂಟಿಮೀಟರ್ ಇಳಿಯುತ್ತದೆ ಎಂಬಂಥ ಮಾತು, ಜೊತೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಇದೆ ಎಂಬ ಮುದ್ರೆ. ಒಪ್ಪಿಗೆ ಇದ್ದದ್ದು ನಿಜ. ಆದರೆ ಯಾವುದಕ್ಕೆ? ಬಿಎಂಐ 30 ಅಥವಾ ಅದಕ್ಕಿಂತ ಕಡಿಮೆ ಇರುವವರಲ್ಲಿ, ಹೊಟ್ಟೆ, ತೊಡೆ, ತೋಳಿನಂಥ ಕೆಲವು ಜಾಗದ ಉಬ್ಬು ತಗ್ಗಿಸಲು. ತೂಕ ಇಳಿಸಲು ಅಲ್ಲ. ಇದೇ ಯಂತ್ರದ ಜಾಹೀರಾತಿಗೆ ಕಾಯಾ ಕಂಪನಿಗೂ ಅಷ್ಟೇ ದಂಡ ಬಿದ್ದಿತ್ತು. ನೋಡಿ, ಮತ್ತೆ ಅದೇ ಕಥೆ: ಅನುಮತಿ ಇತ್ತು, ಬೇರೆಯದಕ್ಕೆ. (ಅಷ್ಟು ದೊಡ್ಡ ಕಂಪನಿಗಳಿಗೆ 3 ಲಕ್ಷ ಯಾವ ಲೆಕ್ಕ ಎಂದು ನೀವು ಕೇಳಬಹುದು. ನನಗೂ ಹಾಗೇ ಅನ್ನಿಸಿತು.)

ಇನ್ನೊಂದು ಹಳೆಯ ಕಾಯ್ದೆ ಇದೆ, 1954ರದು, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಬಗ್ಗೆ. ಇಂಥಿಂಥ ಕಾಯಿಲೆಗೆ ಔಷಧವಿದೆ ಎಂದು ಜಾಹೀರಾತು ಕೊಡಬಾರದು ಎಂಬ ಪಟ್ಟಿ ಅದರಲ್ಲಿದೆ. ಬೊಜ್ಜು ಆ ಪಟ್ಟಿಯಲ್ಲಿದೆ. ಆಟೋರಿಕ್ಷಾದ ಹಿಂದೆ ಏನೇನು ಅಂಟಿಸಿರುತ್ತಾರೆ ಎಂದು ನಾನು ಹೇಳಬೇಕಿಲ್ಲ.

ಲೇಬಲ್ ಇಲ್ಲದ ಪುಡಿ, ಮಾತ್ರೆಯ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಹೆದರಿಕೆ. ಸಿಬ್ಯುಟ್ರಮಿನ್ ಎಂಬ ಹಸಿವು ತಗ್ಗಿಸುವ ಔಷಧವನ್ನು ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಕಂಡು ಭಾರತ 2011ರ ಫೆಬ್ರವರಿಯಲ್ಲಿ ನಿಷೇಧಿಸಿತು. ಆಮೇಲೂ ಜಗತ್ತಿನ ಹಲವು ಕಡೆ 'ಗಿಡಮೂಲಿಕೆ' ಎಂದು ಮಾರುವ ತೂಕ ಇಳಿಸುವ ಪುಡಿಗಳಲ್ಲಿ ಅದು ಬೆರೆತಿರುವುದು ಪತ್ತೆಯಾಗುತ್ತಲೇ ಇದೆ. ಈಗ ವಾರಕ್ಕೊಂದು ಇಂಜೆಕ್ಷನ್ನಿನ ಕಾಲ. ಮೌಂಜಾರೊ, ವೆಗೊವಿ 2025ರಲ್ಲಿ ನಮ್ಮ ದೇಶಕ್ಕೆ ಬಂದವು. ಇವು ಡಾಕ್ಟರ ಚೀಟಿಯ ಮೇಲೆ ಸಿಗಬೇಕಾದ ಔಷಧಗಳು, ಪ್ಯಾಕೇಜಿನ ಜೊತೆ ಉಚಿತವಾಗಿ ಬರುವ ಟವೆಲ್ ಅಲ್ಲ.

ಕಳೆದ ದೀಪಾವಳಿ ಮುಗಿದ ಮೇಲೆ ನಮ್ಮ ಪಕ್ಕದ ಮನೆಯ ಅಕ್ಕ ಇಂಥದೊಂದು ಜಾಗಕ್ಕೆ ಹೊರಟರು. ಥೈರಾಯ್ಡ್ ಇದೆ, ಬಿಪಿ ಮಾತ್ರೆ ತಗೋತಾರೆ. 'ನೀನೂ ಬಾರೇ, ಇಂಗ್ಲಿಷಿನಲ್ಲಿ ಮಾತಾಡೋಕೆ' ಅಂದರು, ಹೋದೆ. ಕೌನ್ಸೆಲರ್ ಹುಡುಗಿ ತೂಕ ನೋಡಿ, ಸೊಂಟ ಅಳೆದು, ಪ್ಯಾಕೇಜು, ಇಎಂಐ ಎಲ್ಲ ಹೇಳಿದಳು. ಬಿಪಿ ಬಗ್ಗೆ ಒಂದು ಮಾತಿಲ್ಲ. ನಾನು ಕೇಳಿದೆ: ಇಲ್ಲಿ ಡಾಕ್ಟರ್ ಯಾರು, ಅವರ ನೋಂದಣಿ ಸಂಖ್ಯೆ ಏನು? ಈ ಯಂತ್ರಕ್ಕೆ ಯಾವುದಕ್ಕೆ ಒಪ್ಪಿಗೆ ಇದೆ? ಮಧ್ಯದಲ್ಲಿ ಇವರಿಗೆ ತಲೆಸುತ್ತು ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ? ಹುಡುಗಿ ಪಾಪ, ಸಂಬಳಕ್ಕೆ ದುಡಿಯುವವಳು. 'ಮ್ಯಾಡಮ್, ಇಷ್ಟೆಲ್ಲ ಯಾರೂ ಕೇಳಲ್ಲ' ಅಂದಳು. ಮ್ಯಾನೇಜರ್ ಬಂದ. ಡಾಕ್ಟರ್ ಗುರುವಾರ ಬರುತ್ತಾರೆ ಎಂದ. ಹೆಸರು ಬರೆದುಕೊಡಿ ಎಂದಾಗ ಗುರುವಾರ ಬನ್ನಿ ಎಂದ.

ಅಕ್ಕ ಮೆಟ್ಟಿಲಿಳಿಯುವಾಗ ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದರು, ಅಷ್ಟು ಜನರ ಎದುರು ಜಗಳಗಂಟಿಯ ಹಾಗೆ ಮಾತಾಡಿದೆ ಅಂತ. ನಮ್ಮ ತೊಂದರೆ ಇರುವುದೂ ಅಲ್ಲೇ. ತರಕಾರಿಯವನ ಹತ್ತಿರ ಬೆಂಡೆಕಾಯಿ ಮುರಿದು ನೋಡುವ ನಾವು ಇಂಥ ಕಡೆ ಬಾಯಿ ಬಿಡುವುದಿಲ್ಲ. ದಪ್ಪಗಿದ್ದೇವೆ ಎಂಬ ಸಂಕೋಚ ನಮ್ಮ ಪ್ರಶ್ನೆಯನ್ನು ನುಂಗಿಬಿಡುತ್ತದೆ, ಎಷ್ಟೋ ಸಲ ಮನೆಯವರಿಗೂ ಹೇಳದೆ ಹೋಗುತ್ತೇವೆ. ಹಣ ಕಟ್ಟುವ ಮೊದಲು ಡಾಕ್ಟರ ಹೆಸರನ್ನು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನ ಜಾಲತಾಣದಲ್ಲಿ ಹುಡುಕಲು ಎರಡು ನಿಮಿಷ ಸಾಕು. ರಸೀದಿ, ಜಾಹೀರಾತಿನ ಫೋಟೋ, ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಹಣ ಕಟ್ಟಿ ಮೋಸವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ದೂರು ಬರೆಯಲು ಕೈ ಓಡದಿದ್ದರೆ ಚಹಾದ ಹೊತ್ತಿನಲ್ಲಿ ನನ್ನನ್ನು ಹಿಡಿಯಿರಿ, ಕೂತು ಬರೆಯೋಣ. ಲ್ಯಾಪ್‌ಟಾಪ್ ತಂದಿದ್ದೇನೆ.