ಮುಪ್ಪಿಗೆ ನಡಿಗೆ ಕಲಿಸುವ ಕಾಯಕ

(ಶ್ರಾವಣಮಾಸದ ಶಿವಾನುಭವಗೋಷ್ಠಿಯಲ್ಲಿ ಪೂಜ್ಯ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಇಂದಿನ ಗೋಷ್ಠಿಗೆ ಕೆಲವರು ಹೊಸಬರು ಬಂದಿದ್ದಾರೆ. ಇವರು ಫಿಜಿಯೊಥೆರಪಿ ಎಂಬ ವಿದ್ಯೆಯನ್ನು ಓದುತ್ತಿರುವ ಮಕ್ಕಳು. ಮುದುಕರ ಆರೈಕೆಯನ್ನು ಮುದುಕರ ಬಳಿಯಲ್ಲಿಯೇ ಕಲಿಯಬೇಕೆಂದು ಮೂರು ದಿನ ಮಠದಲ್ಲಿ ತಂಗಿದ್ದಾರೆ. "ಮಠಕ್ಕೂ ಈ ವಿದ್ಯೆಗೂ ಏನು ಸಂಬಂಧ?" ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ಸಂಬಂಧವಿದೆ. ಅದನ್ನು ಹೇಳಬೇಕಾದರೆ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗುತ್ತದೆ.

ನಮ್ಮ ಗುರುಗಳು, ಲಿಂಗೈಕ್ಯ ಹಿರಿಯ ಶ್ರೀಗಳವರು, ಒಂದು ನಸುಕಿನಲ್ಲಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ತೊಡೆಯ ಎಲುಬಿನ ಮೇಲ್ತುದಿ ಮುರಿಯಿತು. ಶಸ್ತ್ರಕ್ರಿಯೆಯಾಯಿತು. ಮರುದಿನವೇ ವೈದ್ಯರು, "ಇವರನ್ನು ಎಬ್ಬಿಸಿ ನಿಲ್ಲಿಸಿರಿ, ನಡೆಸಿರಿ" ಎಂದು ಹೇಳಿ ಕಳಿಸಿದರು. ನಾವು ಶಿಷ್ಯರು ನಡೆಸಲಿಲ್ಲ. ಗುರುಗಳಿಗೆ ನೋವಾಗಬಾರದೆಂದು ಮಲಗಿದಲ್ಲಿಯೇ ನೀರು, ಮಲಗಿದಲ್ಲಿಯೇ ಪ್ರಸಾದ. ಕೈ ಎತ್ತುವ ಮೊದಲೇ ನಾಲ್ಕು ಕೈಗಳು ಮುಂದಾಗುತ್ತಿದ್ದವು. ಇದನ್ನೇ ಗುರುಸೇವೆಯೆಂದು ತಿಳಿದೆವು. ತಿಂಗಳು ಕಳೆಯುವುದರೊಳಗೆ ಬೆನ್ನ ಕೆಳಗೆ ಹುಣ್ಣಾಯಿತು, ತೊಡೆ ಕರಗಿ ಕಡ್ಡಿಯಾಯಿತು, ಮಾತೂ ಕಡಿಮೆಯಾಯಿತು. ಜಂಗಮ ಎಂಬ ಶಬ್ದ ಹುಟ್ಟಿದ್ದು 'ಗಮ್' ಎಂಬ ಧಾತುವಿನಿಂದ. ಚಲಿಸುವುದೇ ಅದರ ಅರ್ಥ. ಈ ವ್ಯಾಕರಣವನ್ನು ನಮಗೆ ಕಲಿಸಿದವರೇ ಅವರು. ಅಂಥ ಜಂಗಮಮೂರ್ತಿಯನ್ನು ನಾವು ಭಕ್ತಿಯಿಂದಲೇ ಸ್ಥಾವರವನ್ನಾಗಿ ಮಾಡಿಬಿಟ್ಟೆವು.

ಆಗ ವೈದ್ಯರು ಒಬ್ಬ ಹೆಣ್ಣುಮಗಳನ್ನು ಕಳಿಸಿದರು. ಆಕೆ ಗುರುಗಳ ಕಾಲನ್ನು ಮುಟ್ಟಬಹುದೋ ಬಾರದೋ ಎಂದು ನಾವು ಬಾಗಿಲಲ್ಲಿಯೇ ತಡೆದೆವು. ಪಾದೋದಕಕ್ಕಾಗಿ ಆ ಪಾದಗಳನ್ನು ದಿನವೂ ಮುಟ್ಟುವ ನಾವು, ಅವೇ ಪಾದಗಳಿಗೆ ನಡಿಗೆ ಕಲಿಸಬಂದ ಕೈಯನ್ನು ತಡೆದೆವು! ಒಳಗಿನಿಂದ ಗುರುಗಳ ದನಿ ಬಂದಿತು: "ಆಕೀನ್ನ ಒಳಗ ಬಿಡ್ರಿ." ಆಕೆ ಬಂದು ಮೊದಲು ಕಾಲನ್ನು ಮುಟ್ಟಲಿಲ್ಲ, ಅವರ ಮುಖದ ಎದುರಿಗೆ ಕುಳಿತು, "ಅಜ್ಜಾರ, ಎದ್ದ ಮ್ಯಾಲೆ ನಿಮಗ ಏನು ಮಾಡಬೇಕು ಅನಸ್ತದ?" ಎಂದು ಕೇಳಿದಳು. ತಿಂಗಳಲ್ಲಿ ನಾವ್ಯಾರೂ ಕೇಳದ ಪ್ರಶ್ನೆ ಅದು. ಗುರುಗಳ ಕಣ್ಣು ತುಂಬಿದವು. "ಗದ್ದಿಗಿ ತನಕ ನಡದು ಹೋಗಿ, ನನ್ನ ಕೈಯಿಂದ ಪತ್ರಿ ಏರಸಬೇಕವಾ" ಎಂದರು.

ಆಕೆ ಕೋಣೆಯಿಂದ ಗದ್ದುಗೆಯವರೆಗೆ ಹೆಜ್ಜೆ ಎಣಿಸಿದಳು, ಅರವತ್ತೆರಡು. ಮೊದಲ ದಿನ ಮಂಚದ ಅಂಚಿಗೆ ಕೂಡಿಸಿದಳು, ಅಷ್ಟೆ. ಬರಬರುತ್ತ ಕುರ್ಚಿಯಿಂದ ಏಳುವುದು, ಕೂಡುವುದು. ನಾಲ್ಕು ಕಾಲಿನ ಊರುಗೋಲು ಹಿಡಿದು ಐದು ಹೆಜ್ಜೆ, ಹತ್ತು ಹೆಜ್ಜೆ. ಎರಡು ತಿಂಗಳ ಮೇಲೆ ಒಂದು ಸೋಮವಾರ ಗುರುಗಳು ಗದ್ದುಗೆಯ ಮುಂದೆ ನಿಂತು ಪತ್ರಿ ಏರಿಸಿದರು. ನಮ್ಮ ಕಡೆ ತಿರುಗಿ, "ಇಷ್ಟು ದಿನ ನೀವು ನನ್ನ ಪೂಜಿ ಮಾಡಿದ್ರಿ. ಈಕಿ ನನ್ನನ್ನ ಪೂಜಿಗೆ ಕರಕೊಂಡು ಬಂದಳು" ಎಂದರು. ಆದರೆ ನೆಲದ ಮೇಲೆ ಕುಳಿತು ಲಿಂಗಪೂಜೆ ಮಾಡಿಕೊಳ್ಳುವ ಶಕ್ತಿ ಅವರಿಗೆ ಮತ್ತೆ ಬರಲಿಲ್ಲ. ನಾವು ಕಳೆದ ಆ ಒಂದು ತಿಂಗಳು ಇಂದಿಗೂ ನಮ್ಮ ಎದೆಯಲ್ಲಿ ಮುಳ್ಳಾಗಿ ಉಳಿದಿದೆ.

ಮಕ್ಕಳೆ, ಈಗ ನಿಮಗೆ ಎರಡು ಮಾತು. ಆಯುರ್ವೇದದ ಎಂಟು ಅಂಗಗಳಲ್ಲಿ ಮುಪ್ಪಿನ ಚಿಕಿತ್ಸೆಯೂ ಒಂದು. ಚರಕಾಚಾರ್ಯರು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತಾರೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಲ್ಲಿ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ. ನಿಮ್ಮ ಕಲಿಕೆಯೆಲ್ಲ ಈ ನಾಲ್ಕರಲ್ಲಿ ಅಡಗಿದೆ.

ಮೊದಲನೆಯದು ಅರಿವು. ಮುದುಕನ ದೇಹವೆಂದರೆ ಸವೆದ ತರುಣನ ದೇಹವಲ್ಲ. ಮೊಣಕಾಲಿನ ನೋವೆಂದು ಬಂದವನಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಸುಕಾದ ಕಣ್ಣು, ಚೀಲ ತುಂಬ ಗುಳಿಗೆ ಎಲ್ಲವೂ ಇರುತ್ತವೆ. ಮಲಗಿದವನು ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಆದ್ದರಿಂದ ಮಲಗಿದಾಗಲೂ ನಿಂತಾಗಲೂ ಅಳೆಯಬೇಕು. 1991ರಲ್ಲಿ ಪ್ರಕಟವಾದ ಒಂದು ಸರಳ ಪರೀಕ್ಷೆಯನ್ನು ಇವರು ನಿನ್ನೆ ನಮಗೆ ತೋರಿಸಿದರು. ಕುರ್ಚಿಯಿಂದ ಎದ್ದು, 3 ಮೀಟರು ನಡೆದು, ತಿರುಗಿ ಬಂದು ಕೂಡಬೇಕು. 12 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಬೀಳುವ ಭಯವುಂಟೆಂದು ತಿಳಿದು ಮುಂದಿನ ವಿಚಾರ ಮಾಡಬೇಕು.

ಎರಡನೆಯದು ದಕ್ಷತೆ. ಎಲ್ಲಿ ಹಿಡಿಯಬೇಕು, ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಕೈಗೆ ಕಲಿಸಬೇಕು. ಇವರು ಮಬ್ಬುಗಾಜಿನ ಕನ್ನಡಕ ಹಾಕಿ, ಕಿವಿಗೆ ಅರಳೆ ತುರುಕಿ, ಕಾಲಿಗೆ ಭಾರ ಕಟ್ಟಿಕೊಂಡು ನಮ್ಮ ಮೆಟ್ಟಿಲು ಹತ್ತಿದರು. ನೀವು ನಕ್ಕಿರಿ. ಅದು ಆಟವಲ್ಲ, ಪರಕಾಯಪ್ರವೇಶ. ಮುಪ್ಪನ್ನು ಒಂದು ಗಳಿಗೆಯಾದರೂ ಹೊತ್ತವನೇ ಮುದುಕನ ಮೆಲ್ಲನೆಯ ಹೆಜ್ಜೆಗೆ ಬೇಸರಿಸದೆ ಕಾಯಬಲ್ಲ.

ಮೂರನೆಯದು ಅನುರಾಗ. ಮುದುಕರನ್ನು ಕೂಸಿನಂತೆ ಮುದ್ದಿಸುವುದು ಅನುರಾಗವಲ್ಲ. ಅವರ ಬಯಕೆಯನ್ನು ಕೇಳಿ, ಅದನ್ನೇ ಗುರಿಯಾಗಿ ಇಟ್ಟುಕೊಳ್ಳುವುದು ಅನುರಾಗ. ನಾಲ್ಕನೆಯದು ಶೌಚ. ಕೈ ಶುದ್ಧವಿದ್ದರೆ ಸಾಲದು. ಮುಟ್ಟುವ ಮೊದಲು ಅಪ್ಪಣೆ ಕೇಳುವ, ಮೈ ಮುಚ್ಚಿ ಮಾನ ಕಾಯುವ ಮನಸ್ಸೂ ಶುದ್ಧವಿರಬೇಕು.

"ಈ ವಯಸ್ಸಿನಲ್ಲಿ ಇನ್ನೆಂಥ ಕಸರತ್ತು?" ಎಂದು ಮನೆಮನೆಯಲ್ಲೂ ಕೇಳುತ್ತಾರೆ. ಅಮೆರಿಕದ ಬಾಸ್ಟನ್ ನಗರದ ಒಂದು ವೃದ್ಧಾಲಯದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಒಬ್ಬರು ನಡುವೆ ಬಿಟ್ಟರು. ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. 1990ರಲ್ಲಿ ಇದು ಪ್ರಕಟವಾಯಿತು. ತೊಂಬತ್ತರಲ್ಲಿಯೂ ಮಾಂಸಖಂಡ ಕಲಿಯುತ್ತದೆ. ಕಲಿಸುವವರು ಬೇಕು.

1950ರ ದಶಕದಲ್ಲಿ ಮುಂಬಯಿಯಲ್ಲಿ ಈ ವಿದ್ಯೆಯ ಶಾಲೆ ಆರಂಭವಾದಾಗ ಪೋಲಿಯೋ ಬಡಿದ ಮಕ್ಕಳ ಚಿಂತೆ ಮುಂದಿತ್ತು. ಇಂದು ಮುದುಕರ ಚಿಂತೆ ಮುಂದಿದೆ. 2011ರ ಜನಗಣತಿಯಲ್ಲಿಯೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮಿಕ್ಕಿ ಇದ್ದರು. 2010-11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಚಿಕಿತ್ಸೆಗೆ ಅವಕಾಶ ಮಾಡಿದೆ. ಆದರೆ ಹಳ್ಳಿಯ ಮುದುಕಿ ಜಿಲ್ಲೆಯವರೆಗೆ ಹೋಗುವುದು ಹೇಗೆ? ಕಲಿತವರೇ ಆಕೆಯ ಹೊಸ್ತಿಲಿಗೆ ಬರಬೇಕು. ಅದು ದಾಸೋಹ.

ಭಕ್ತರೆ, ನಿಮಗೂ ಪಾಠವಿದೆ. ಬಚ್ಚಲಿನ ಪಾಚಿ ತಿಕ್ಕಿರಿ, ಗೋಡೆಗೆ ಒಂದು ಹಿಡಿಕೆ ಹಾಕಿಸಿರಿ, ರಾತ್ರಿ ದೀಪವಿಡಿರಿ, ಸರಿಯುವ ಚಾಪೆ ತೆಗೆಯಿರಿ. ನೆಲದ ಮೇಲೆ ಕೂಡಲಾರದ ಹಿರಿಯರು ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮಾಡಿಕೊಳ್ಳಲಿ. ಲಿಂಗಕ್ಕೆ ಬೇಕಾದದ್ದು ನಿಷ್ಠೆ, ಮಂಡಿಯಲ್ಲ. ಅವರು ಎದ್ದು ನೀರು ತಂದುಕೊಳ್ಳಬಲ್ಲರಾದರೆ ತಂದುಕೊಳ್ಳಲಿ. ನೀವು ಪಕ್ಕದಲ್ಲಿ ನಿಲ್ಲಿರಿ, ಅಡ್ಡ ನಿಲ್ಲಬೇಡಿರಿ.

ನಮ್ಮನ್ನು ಕೈಹಿಡಿದು ನಡೆಸಿದವರು ಅವರು. ಆ ಋಣವನ್ನು ಹೊತ್ತುಕೊಂಡು ತಿರುಗಿ ತೀರಿಸಲಾಗದು, ನಡೆಸಿಯೇ ತೀರಿಸಬೇಕು. ಈ ಮಕ್ಕಳ ಕೈಯಲ್ಲಿ ಆ ಕಾಯಕ ಬೆಳೆಯಲಿ, ನಿಮ್ಮ ಮನೆಯ ಹಿರಿಯರ ಹೆಜ್ಜೆ ಗಟ್ಟಿಯಾಗಲಿ ಎಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.

ಸರ್ವರಿಗೂ ಸನ್ಮಂಗಳವಾಗಲಿ.