ಅಗ್ಗದ ತೋಟಾ, ದುಬಾರಿ ತೋಟಾ



ಆವತಿಯ ಕಡೆ ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಲ್ಲವೇ? ಗಟ್ಟಿ ಕಾಳು ನೇರ ಕೆಳಗೆ ಬೀಳುತ್ತದೆ, ಜೊಳ್ಳು ಗಾಳಿಯ ಪಾಲಾಗುತ್ತದೆ. ಹಾರುವ ತಟ್ಟೆಯನ್ನು ಕೋವಿಯಿಂದ ಒಡೆಯುವ ಟ್ರ್ಯಾಪ್ ಕ್ರೀಡೆಯ ತೋಟಾಗಳಲ್ಲೂ ಹೆಚ್ಚುಕಡಿಮೆ ಹೀಗೆಯೇ. ಈ ಬಗೆಯ ಸ್ಪರ್ಧೆಯಾದ ಡಬಲ್ ಟ್ರ್ಯಾಪ್‌ನಲ್ಲೇ ರಾಜ್ಯವರ್ಧನ್ ಸಿಂಗ್ ರಾಥೋಡ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು.

ಒಲಿಂಪಿಕ್ ಟ್ರ್ಯಾಪ್ ತೋಟಾದಲ್ಲಿ ಇರುವುದು 24 ಗ್ರಾಂ ಚರೆ. ಚರೆಯ ವ್ಯಾಸ 2.4 ಮಿ.ಮೀ. ಆದರೆ ಎಣಿಕೆ ಸುಮಾರು 300. ಅಗ್ಗದ್ದಕ್ಕೂ ದುಬಾರಿಯದ್ದಕ್ಕೂ ತೂಕ ಅದೇ. ವ್ಯತ್ಯಾಸವಿರುವುದು ಮುಖ್ಯವಾಗಿ ಸೀಸದ ಗಡಸುತನದಲ್ಲಿ. ದುಬಾರಿ ಚರೆಗೆ ಆಂಟಿಮನಿಯನ್ನು ಹೆಚ್ಚು ಬೆರೆಸುತ್ತಾರೆ. ಮದ್ದು ಸಿಡಿದಾಗ ಮೆದು ಚರೆಗಳಲ್ಲಿ ಹಲವು ನಳಿಗೆಯೊಳಗೇ ಚಪ್ಪಟೆಯಾಗುತ್ತವೆ. ಗುಂಡಗಿಲ್ಲದ ಚರೆ ಗಾಳಿಯ ತಡೆಗೆ ಸಿಕ್ಕು ಪಕ್ಕಕ್ಕೆ ಸರಿಯುತ್ತದೆ.

ಆದರೆ ಬೆಲೆಚೀಟಿಯನ್ನು ನಂಬಿ ಸುಮ್ಮನಾಗುವುದು ಬೇಡ. ಪರವಾನಗಿ ಪಡೆದ ರೇಂಜಿನಲ್ಲಿ, ತರಬೇತುದಾರರ ಎದುರಿನಲ್ಲಿ, 40 ಗಜ ದೂರದ ಕಾಗದಕ್ಕೆ ಹೊಡೆದು 30 ಅಂಗುಲದ ವೃತ್ತದೊಳಗಿನ ತೂತುಗಳನ್ನು ಎಣಿಸುತ್ತಾರೆ. ಬೇಸರದ ಕೆಲಸವೇ! ಒಂದು ಹೊಡೆತ ಸಾಲದು. ಒಂದೇ ಪೆಟ್ಟಿಗೆಯ ಎರಡು ತೋಟಾಗಳೂ ಒಂದೇ ಲೆಕ್ಕ ಕೊಡುವುದಿಲ್ಲ. ತಲಾ ಹತ್ತಾದರೂ ಹೊಡೆದು ಸರಾಸರಿ ತೆಗೆಯಬೇಕು.

ಹತ್ತಿರದ ತಟ್ಟೆಗೆ ಅಗ್ಗದ್ದು ಸಾಕು, ಚರೆಗಳು ಚದುರುವ ಮೊದಲೇ ಅದು ಪುಡಿಯಾಗುತ್ತದೆ. ದೂರ ಹೋದ ತಟ್ಟೆಯ ಕಥೆ ಬೇರೆ. ಬರೀ 11 ಸೆಂ.ಮೀ. ಅಗಲದ ಅದು ಚರೆಗಳ ನಡುವಿನ ಖಾಲಿ ಜಾಗದಲ್ಲಿ ಪಾರಾಗಬಹುದು. ಅಲ್ಲಿಗೆ ಒಂದು ಅಂಕ ಹೋಯಿತು, ಕೆಲವೊಮ್ಮೆ ಪದಕವೂ. ಇತ್ತ ಅಭ್ಯಾಸಕ್ಕೆ ಸಾವಿರಾರು ತೋಟಾ ಬೇಕು. ತೂತು ಎಣಿಸಿ ನೋಡಿದ ಸಾಧಾರಣ ಮನೆಯ ಹುಡುಗಿಯೊಬ್ಬಳು ಅಗ್ಗದ್ದರಲ್ಲಿ ಧೈರ್ಯವಾಗಿ ಕೈ ಪಳಗಿಸಿಕೊಂಡು, ದುಬಾರಿ ಪೆಟ್ಟಿಗೆಯನ್ನು ಸ್ಪರ್ಧೆಯ ವಾರಕ್ಕೆ ಎತ್ತಿಡಬಹುದು.