ಹಳೆಯ ನೋಟಿನ ನಿಜವಾದ ಬೆಲೆ



ಮನೆ ಬದಲಿಸುವಾಗ ಅಜ್ಜಿಯ ಟ್ರಂಕಿನ ತಳದಲ್ಲಿ ಹಳೆಯ ನೋಟೊಂದು ಸಿಗುವುದುಂಟು. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆಂಬ ಜಾಹೀರಾತು ಕಂಡವರಿಗೆ ಆಸೆ ಹುಟ್ಟುವುದೂ ಸಹಜ. ಆದರೆ ನೋಟಿನ ಬೆಲೆ ಕೇವಲ ವಯಸ್ಸಿನಿಂದ ಬರುವುದಿಲ್ಲ. ಅಂಥವು ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಬೇಕೆನ್ನುವವರು ಎಷ್ಟು ಮಂದಿ ಎಂಬ ಮೂರು ಸಂಗತಿಗಳಿಂದ ಬರುತ್ತದೆ. ಟ್ರ್ಯಾಕ್ಟರ್ ನೋಟು ಅಪರೂಪದ್ದೇನಲ್ಲ.

ಮೊದಲು ನೋಡಬೇಕಾದ್ದು ಸಹಿ. ಸ್ವತಂತ್ರ ಭಾರತದ ಒಂದು ರೂಪಾಯಿ ನೋಟು ಸರ್ಕಾರದ್ದು. ಅದರಲ್ಲಿ ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. ಉಳಿದವುಗಳಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿ. ನೋಟಿನಲ್ಲಿ ಇಸವಿ ಇಲ್ಲದಿದ್ದರೂ ಸಹಿಯಿಂದ ಕಾಲ ತಿಳಿಯುತ್ತದೆ. ಮಂಗಳೂರಿನವರಾದ ಬೆನೆಗಲ್ ರಾಮರಾವ್ ಅವರ ಸಹಿ ಇದ್ದರೆ ಅದು 1949ರಿಂದ 1957ರ ನಡುವಿನದು. 1970ರಲ್ಲಿ ಬಿ. ಎನ್. ಅದಾರ್ಕರ್ ಗವರ್ನರ್ ಆಗಿದ್ದುದು ಆರೇ ವಾರ. ಆದ್ದರಿಂದಲೇ ಅವರ ಸಹಿಯ ನೋಟುಗಳನ್ನು ಸಂಗ್ರಾಹಕರು ಹುಡುಕುತ್ತಾರೆ.

ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದವರ ಮನೆಯಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದ ನೋಟು ಸಿಕ್ಕೀತು. ಅದರ ಮೇಲೆ ಉರ್ದು, ತೆಲುಗು, ಮರಾಠಿಗಳ ಜೊತೆಗೆ ಕನ್ನಡವೂ ಇದೆ. ಸಂಗ್ರಾಹಕನಿಗಷ್ಟೇ ಅಲ್ಲ, ನಾಡಿನ ಚರಿತ್ರೆಗೂ ಅದು ದಾಖಲೆ.

ಎರಡನೆಯದು ಸ್ಥಿತಿ. ಮಡಿಕೆ, ಪಿನ್ನಿನ ತೂತು, ಶಾಯಿಯ ಗೀಟು ಬೆಲೆಯನ್ನು ಇಳಿಸುತ್ತವೆ. ನೋಟನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಹರಿದ ಕಡೆ ಟೇಪು ಅಂಟಿಸುವುದು ಇನ್ನೂ ಕೆಡುಕು. ಬೆಲೆ ಅಂದಾಜು ಮಾಡುವಾಗ ಮಾರುವವರು ಹೇಳುವ ಬೆಲೆಯನ್ನು ನಂಬದೆ, ಅದೇ ಸಹಿಯ, ಅದೇ ಸ್ಥಿತಿಯ ನೋಟು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತೆಂದು ನೋಡಬೇಕು.

ಕಾನೂನಿನ ಮಾತೂ ಇದೆ. 2016ರಲ್ಲಿ ರದ್ದಾದ 500, 1000 ರೂಪಾಯಿ ನೋಟುಗಳನ್ನು ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ, ನಾಣ್ಯಶಾಸ್ತ್ರದ ಉದ್ದೇಶಕ್ಕಾದರೆ 25ರವರೆಗೆ ಇಡಬಹುದೆಂದು 2017ರ ಕಾಯಿದೆ ಹೇಳುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಹಳೆಯ ನೋಟು, ನಾಣ್ಯಗಳ ಮಾರಾಟಕ್ಕೆ ತನ್ನ ಹೆಸರು ಹೇಳಿ ಶುಲ್ಕವನ್ನೋ ಕಮಿಷನ್ನನ್ನೋ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಪ್ರಕಟಿಸಿದೆ. ನೋಟು ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಇಷ್ಟು ನೆನಪಿಟ್ಟರೆ ಅಜ್ಜಿಯ ನೋಟಿನ ಜೊತೆಗೆ ಮೊಮ್ಮಗನ ಗಳಿಕೆಯೂ ಉಳಿಯುತ್ತದೆ.